ಗೇರೆಣ್ಣೆ ಬಳಿದ ಪಿಯಾನೊ

ನಾನು ಕಛೇರಿ ಕೊಡುವ ಸಭಾಂಗಣಗಳಲ್ಲಿ ಬಾಗಿಲ ಬಳಿ ಒಂದು ಪುಸ್ತಿಕೆ ಹಂಚುತ್ತಾರೆ. ಅದರಲ್ಲಿ ನನ್ನ ಹೆಸರಿನ ಕೆಳಗೆ ‘ಅಮೆರಿಕದ ಪಿಯಾನೊ ವಾದಕಿ’ ಎಂದು ಅಚ್ಚಾಗಿರುತ್ತದೆ. ನಾಗವೇಣಿ ಎಂಬ ಹೆಸರನ್ನು ಕತ್ತರಿಸಿ ಬರೀ ವೇಣಿ ಮಾಡಿದ್ದಾರೆ. ಅಷ್ಟುದ್ದಕ್ಕೆ ನಾಲಿಗೆ ಹೊರಳಿಸುವ ತಾಳ್ಮೆ ಅಲ್ಲಿ ಯಾರಿಗಿದೆ? ಅಚ್ಚಾದದ್ದು ಸುಳ್ಳೇನಲ್ಲ. ಆ ದೇಶ ನನಗೆ ಅನ್ನ ಕೊಟ್ಟಿದೆ, ದೊಡ್ಡ ದೊಡ್ಡ ವೇದಿಕೆ ಕೊಟ್ಟಿದೆ, ಮಂಡಿನೋವಿಗೆ ಒಳ್ಳೆಯ ವೈದ್ಯರನ್ನೂ ಕೊಟ್ಟಿದೆ. ಆದರೆ ಶರಾವತಿ ಸಮುದ್ರ ಸೇರುವಲ್ಲಿ, ಹೊನ್ನಾವರದ ಎದುರು ದಡದ ಕಾಸರಕೋಡಿನಲ್ಲಿ, ದೋಣಿ ಕಟ್ಟುವ ಅಜ್ಜನ ನಡುಮನೆಯಲ್ಲಿ ಒಂದು ಪಿಯಾನೊ ಇತ್ತು. ಅದರ ಸುದ್ದಿ ಯಾವ ಪುಸ್ತಿಕೆಯಲ್ಲೂ ಇಲ್ಲ. ಕೇಳಿದವರಿಗೆ ನಾನೂ ಹೇಳಲಿಲ್ಲ. ಹೇಳಿದ್ದರೆ ಕಛೇರಿ ಮುಗಿದ ಮೇಲಿನ ಊಟದಲ್ಲಿ ಅದೊಂದು ಸೊಗಸಾದ ಕಥೆಯಾಗಿ ಜನ ನಗುತ್ತಿದ್ದರು. ನನಗೆ ಅದರಲ್ಲಿ ನಗು ಬರುವುದಿಲ್ಲ.

ನಮ್ಮ ಮನೆಯಲ್ಲಿ ಇದ್ದವರು ಮೂವರು: ಅಜ್ಜ, ಅಮ್ಮ, ನಾನು. ಅಪ್ಪ ನಾನು ಮಾತು ಕಲಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದ. ಅಜ್ಜನಿಗೆ ಅವನೊಬ್ಬನೇ ಮಗ, ಆ ಮಗನ ಕುರುಹಾಗಿ ಉಳಿದದ್ದು ನಾನೊಬ್ಬಳೇ. ಊರವರು ಅಜ್ಜನನ್ನು ಜಟ್ಟಿ ಮೇಸ್ತ್ರಿ ಎನ್ನುತ್ತಿದ್ದರು. ಮನೆಯ ಮುಂದಿನ ತೆಂಗಿನ ಗರಿಯ ಚಪ್ಪರದಲ್ಲಿ ಯಾವಾಗಲೂ ಅರ್ಧ ಕಟ್ಟಿದ ದೋಣಿಯೊಂದು ಪಕ್ಕೆಲುಬು ಬಿಟ್ಟುಕೊಂಡು ನಿಂತಿರುತ್ತಿತ್ತು. ಜೀವಮಾನವೆಲ್ಲ ಮೊಳೆ ಹೊಡೆದು ಅಜ್ಜನ ಕಿವಿ ಮಂದವಾಗಿತ್ತು. ಅಮ್ಮ ಹೊನ್ನಾವರದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ದೋಣಿಯಲ್ಲಿ ಹೊಳೆ ದಾಟುವಳು. ನಮ್ಮ ಮನೆಯಲ್ಲಿ ಮಾತೆಂದರೆ ಕೂಗಾಟವೇ. ಅಜ್ಜನಿಗೆ ಕೇಳಲೆಂದು ಅಮ್ಮ ಕೂಗುವಳು, ತನಗೆ ಕೇಳಲಿಲ್ಲವೆಂದು ಅಜ್ಜ ಕೂಗುವನು. ಗಂಜಿಗೆ ಒಣ ಶೆಟ್ಲಿ ಮೀನಿನ ಚಟ್ನಿ ಬೇಕೋ ಉಪ್ಪಿನಕಾಯಿ ಬೇಕೋ ಎಂಬ ಮಾತು ಪಕ್ಕದ ನಾಲ್ಕು ಮನೆಗೂ ಗೊತ್ತಾಗುತ್ತಿತ್ತು. ಈ ಗದ್ದಲದ ನಡುವೆ ನಾನು ಸುಮ್ಮನಿರುವುದನ್ನು ಕಲಿತೆ. ಮಾತು ಆಡದ ಮಗು ಎಂದು ಅಮ್ಮ ಹೆದರಿ ದೇವರಿಗೆ ಹರಕೆ ಹೊತ್ತದ್ದೂ ಉಂಟು.

ಪಿಯಾನೊ ನನಗೆ ಸಿಕ್ಕಿದ್ದು ಸೆಲೀನ್ ಬಾಯಿಯಿಂದ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತಿದ್ದರು. ಅವರು ಅಮ್ಮನ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು, ಭಾನುವಾರ ಇಗರ್ಜಿಯಲ್ಲಿ ನುಡಿಸುತ್ತಿದ್ದರು. ಹರೆಯದಲ್ಲಿ ಮುಂಬೈಯಲ್ಲಿ ಪಿಯಾನೊ ಕಲಿತು ಬಂದವರು, ಮದುವೆಯಾಗಿರಲಿಲ್ಲ, ಬಂದರಿನ ದಾರಿಯಲ್ಲಿ ಅವರ ಮನೆ. ಅಮ್ಮ ತನ್ನ ಶಾಲೆಯ ಕೆಲಸ ಮುಗಿಯುವವರೆಗೆ ನನ್ನನ್ನು ಅಲ್ಲಿ ಬಿಡುತ್ತಿದ್ದಳು. ಒಂದು ಸಂಜೆ ಬಾಯಿ ಕಾಫಿ ಕಾಯಿಸಲು ಒಳಗೆ ಹೋದಾಗ, ಅವರು ಆಗಷ್ಟೇ ನುಡಿಸಿ ಎದ್ದಿದ್ದ ಪ್ರಾರ್ಥನೆಯ ರಾಗವನ್ನು ನಾನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದೆನಂತೆ. ಬಾಯಿ ಕಾಫಿ ಉಕ್ಕಿದ್ದನ್ನೂ ಮರೆತು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಅವರು ನನ್ನನ್ನು ಬಿಡಲಿಲ್ಲ. ಬೆನ್ನು ಬಗ್ಗಿದರೆ ಬೆತ್ತದಿಂದ ತಿವಿಯುವರು, ಉಗುರು ಉದ್ದವಿದ್ದರೆ ಪಾಠವಿಲ್ಲ, ಸರಿಯಾಗಿ ನುಡಿಸಿದರೆ ಒಂದು ಪೆಪ್ಪರಮಿಂಟು. ಮನೆಯಲ್ಲಿ ಆಡದ ಮಾತನ್ನೆಲ್ಲ ನಾನು ಅಲ್ಲಿ ಬೆರಳಿನಲ್ಲಿ ಆಡಿದೆ.

ಕೆಲವು ವರ್ಷಗಳಾದ ಮೇಲೆ ಬಾಯಿಗೆ ಆ ಮನೆ ಬಿಟ್ಟು ತಮ್ಮನ ಸಣ್ಣ ಮನೆಗೆ ಹೋಗಬೇಕಾಯಿತು. ಅಲ್ಲಿ ಪಿಯಾನೊ ಇಡಲು ಜಾಗವಿರಲಿಲ್ಲ. ಮಾರುವ ಬದಲು ಅದನ್ನು ನನಗೇ ಕೊಟ್ಟುಬಿಟ್ಟರು. ಅಜ್ಜ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಪಿಯಾನೊವನ್ನು ಹೊಳೆ ದಾಟಿಸಿದ. ದಡದಲ್ಲಿ ಊರೇ ಸೇರಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಯಾರೋ ಅಂದದ್ದು ಅಮ್ಮನ ಕಿವಿಗೆ ಬಿದ್ದು, ಅವಳು ಅವರ ಜೊತೆ ಮಾತು ಬಿಟ್ಟಳು. ಬಾಗಿಲಲ್ಲಿ ಹಿಡಿಸದಿದ್ದಾಗ ಅಜ್ಜ ಮನೆಯ ಬಾಗಿಲವಾಡವನ್ನೇ ಕಿತ್ತ. ನಡುಮನೆಯಲ್ಲಿ ಅದನ್ನು ನಿಲ್ಲಿಸಿ, ಹೊಸ ದೋಣಿಗೆ ಮಾಡುವಂತೆಯೇ ಕುಂಕುಮ ಹಚ್ಚಿ, ಹೂ ಇಟ್ಟು, ಅದರ ಮುಂದೆಯೇ ತೆಂಗಿನಕಾಯಿ ಒಡೆದ. ಕಾಯಿನೀರು ಪಿಯಾನೊದ ಬಿಳಿ ಕರಿ ಪಟ್ಟಿಗಳ ಮೇಲೆ ಹಾರಿತು. ನಾವು ಆ ಪಟ್ಟಿಗಳಿಗೆ ಮನೆಗಳು ಎನ್ನುತ್ತಿದ್ದೆವು.

“ಸಾಯ್ಬಾ ಭೊಗೊಸ್!” ಎಂದು ಬಾಯಿ ತಮ್ಮ ದೇವರನ್ನು ಕರೆದು, ಸೀರೆಯ ಸೆರಗಿನಿಂದಲೇ ನೀರು ಒರೆಸಿದರು. “ಮೇಸ್ತ್ರಿ, ಇದಕ್ಕೆ ನೀರು ಅಂದ್ರೆ ವಿಷ. ಒಂದು ಹನಿನೂ ಆಗುದಿಲ್ಲ.”

“ಮರಕ್ಕೆ ನೀರು ಆಗುದಿಲ್ಲ ಅಂದ್ರೆ ಎಂತ ಬಾಯಿ?” ಅಜ್ಜ ನಕ್ಕ. “ನಾನು ಮರನ ನೀರಲ್ಲೇ ಬಿಡೂದಲ್ವಾ!”

ಅಜ್ಜನಿಗೆ ಪಿಯಾನೊದ ನಾದ ಎಷ್ಟು ಕೇಳುತ್ತಿತ್ತೋ ನನಗೆ ಗೊತ್ತಿಲ್ಲ. ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದು, ನಾನು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನೆಲದ ಮೇಲೆ ಕೂತು ಅಂಗೈಯನ್ನು ಪಿಯಾನೊ ಪೆಟ್ಟಿಗೆಯ ಮರಕ್ಕೆ ಒತ್ತಿಡುತ್ತಿದ್ದ. ಹಲಗೆಯಲ್ಲಿ ಬಿರುಕಿದೆಯೇ ಎಂದು ನೋಡಲು ಅವನು ದೋಣಿಗೂ ಹಾಗೆಯೇ ಕೈ ಇಡುತ್ತಿದ್ದ. ಎಡಗೈಯ ದಪ್ಪ ಸ್ವರಗಳು ಬಂದಾಗ ಅವನ ಹುಬ್ಬು ಏರುತ್ತಿತ್ತು. “ಈಗ ಬಂತು ನೋಡು,” ಎನ್ನುತ್ತಿದ್ದ. ಅವನಿಗೆಂದೇ ನಾನು ಎಡಗೈಯನ್ನು ಗಟ್ಟಿಯಾಗಿ ನುಡಿಸುತ್ತಿದ್ದೆ. ಪಾಠ ಹೇಳಲು ಹೊಳೆ ದಾಟಿ ಬಂದಾಗ ಬಾಯಿ ಅದಕ್ಕೆ ಬೈಯುತ್ತಿದ್ದರು. ಆಯುಧಪೂಜೆಯ ದಿನ ಅಜ್ಜನ ಬಾಚಿ, ಉಳಿ, ಗರಗಸಗಳ ಜೊತೆ ಪಿಯಾನೊಕ್ಕೂ ಗೊಂಡೆಹೂವಿನ ಮಾಲೆ ಬೀಳುತ್ತಿತ್ತು. ಅದು ದುಡಿಯುವ ಮರ ಎಂದು ಅಜ್ಜನ ಲೆಕ್ಕ. ನನ್ನ ಪ್ರಾಣ ಇದ್ದದ್ದು ಆ ನಡುಮನೆಯಲ್ಲಿ, ಆ ಸಂಜೆಗಳಲ್ಲಿ. ಇಂದಿಗೂ ವೇದಿಕೆಯ ಮೇಲೆ ಕೂತು ಮೊದಲ ಸ್ವರ ಒತ್ತುವ ಮೊದಲು ನನ್ನ ಎಡಬದಿಯಲ್ಲಿ ನೆಲದ ಮೇಲೆ ಯಾರೋ ಕೂತಿದ್ದಾರೆ ಅನ್ನಿಸುತ್ತದೆ.

ಮಳೆಗಾಲ ಮಾತ್ರ ಪಿಯಾನೊಕ್ಕೆ ಶನಿಕಾಟ. ಸಮುದ್ರದ ಉಪ್ಪುಗಾಳಿಗೆ ತಂತಿಗಳು ತುಕ್ಕು ಹಿಡಿದವು, ಮನೆಗಳು ಊದಿಕೊಂಡು ಒಂದನ್ನು ಒತ್ತಿದರೆ ಪಕ್ಕದ್ದೂ ಇಳಿಯತೊಡಗಿತು. ಬಾಯಿ ಹೇಳಿದರೆಂದು ಪೆಟ್ಟಿಗೆಯ ಹೊಟ್ಟೆಯೊಳಗೆ ಬಲ್ಬು ಉರಿಸಿಟ್ಟೆವು. ಕರೆಂಟು ಇದ್ದರಲ್ಲವೇ ಬಲ್ಬು? ಅಮ್ಮ ಇದ್ದಲಿನ ಗಂಟು ಕಟ್ಟಿ ಇಟ್ಟಳು. ಒಂದು ಮಳೆಗಾಲದಲ್ಲಿ ಗೋಡೆಯ ಬದಿಯಿಂದ ಒರಲೆ ಏರಿ ಹಿಂಬದಿಯ ಹಲಗೆಯ ಒಂದು ಮೂಲೆಯನ್ನು ತಿಂದು ಪುಡಿಮಾಡಿತು. ಆ ಪುಡಿಯನ್ನು ಅಜ್ಜ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವನು ಕಟ್ಟಿದ ಯಾವ ದೋಣಿಗೂ ಹಾಗೆ ಆಗಿರಲಿಲ್ಲ.

ಮರುವರ್ಷ ಬೇಸಿಗೆ ಶುರುವಾಗುವಾಗ ಬಾಯಿ ಒಮ್ಮೆ ಅಮ್ಮನ ಜೊತೆ ಮಾತಾಡಲೆಂದೇ ಬಂದರು. ಅಮ್ಮ ಚಹಾ ಕೊಟ್ಟಳು. ಬಾಯಿ ಮುಚ್ಚಳ ತೆಗೆದು ಒಳಗೆ ಇಣುಕಿ, ಒಂದೆರಡು ಸ್ವರ ಒತ್ತಿ, ತಲೆ ಅಲ್ಲಾಡಿಸಿದರು.

“ಟೀಚರ್, ಹುಡುಗಿ ನನ್ನನ್ನು ದಾಟಿ ಹೋಗ್ತಿದ್ದಾಳೆ. ನನ್ನ ಕೈಲಿ ಕಲಿಸಲಿಕ್ಕೆ ಇನ್ನು ಸ್ವಲ್ಪವೇ ಉಂಟು. ಒಂದೆರಡು ವರ್ಷ ಇಲ್ಲೇ ಕಲೀಲಿ. ಆದ್ರೆ ಪಿಯಾನೊ ಈ ಮಳೆ ದಾಟ್ಬೇಕು. ಇದು ಹೋದ್ರೆ ಇವಳನ್ನು ಮುಂಬೈಗೆ ನನ್ನ ತಂಗಿ ಮನೆಗೆ ಕಳಿಸ್ಲೇಬೇಕು. ಅಭ್ಯಾಸ ನಿಂತ್ರೆ ಕೈ ಉಳಿಯುದಿಲ್ಲ.”

ನಾನು ಅಮ್ಮನ ಮುಖ ನೋಡಿದೆ. ಜಗಲಿಯಲ್ಲಿದ್ದ ಅಜ್ಜನಿಗೆ, ಕಿವಿ ಕೇಳದ ಅಜ್ಜನಿಗೆ, ಅದೊಂದು ಮಾತು ಅದು ಹೇಗೋ ಕೇಳಿಸಿತು. ಎದ್ದು ಒಳಗೆ ಬಂದ.

“ಪೆಟ್ಟಿಗೆ ಉಳ್ದ್ರೆ ಹುಡ್ಗಿ ಇಲ್ಲೇ ಇರ್ತದಲ್ಲ ಬಾಯಿ?”

“ಇರ್ತಾಳೆ ಮೇಸ್ತ್ರಿ.”

“ಆತು ಹಂಗಾರೆ,” ಎಂದ ಅಜ್ಜ. ಅಷ್ಟೇ. ಚಪ್ಪರಕ್ಕೆ ಹೋಗಿ ಮತ್ತೆ ಬಾಚಿ ಹಿಡಿದ.

ಶಾಲೆಗೆ ರಜೆ ಬಂತು. ಪ್ರತಿ ವರ್ಷದಂತೆ ಅಮ್ಮ ನನ್ನನ್ನು ಕರೆದುಕೊಂಡು ಕುಮಟೆಯ ಹತ್ತಿರದ ಹೊಳನಗದ್ದೆಗೆ, ಅವಳ ತವರಿಗೆ ಹೋದಳು. ನಾನು ಅಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಇದ್ದಲಿನಿಂದ ಪಿಯಾನೊದ ಮನೆಗಳನ್ನು ಬರೆದುಕೊಂಡು ಬೆರಳಾಡಿಸುತ್ತಿದ್ದೆ. ಅತ್ತೆ ದಿನಾ ಅದನ್ನು ಒರೆಸಿ ದಿನಾ ಬೈಯುತ್ತಿದ್ದಳು. ಮಾವಿನಹಣ್ಣು, ಹಲಸಿನ ಕಡುಬು, ಮಧ್ಯಾಹ್ನದ ನಿದ್ದೆ ಎಲ್ಲವೂ ಇದ್ದರೂ ನನಗೆ ಮನೆಯ ಜಪವೇ. ಗುಡುಗು ಶುರುವಾದಾಗ ನಾವು ಹೊರಟೆವು. ಹೊಳೆ ದಾಟಿ ಅಂಗಳಕ್ಕೆ ಕಾಲಿಟ್ಟಾಗ ಅಜ್ಜ ಮಗುವಿನಂತೆ ಮುಖ ಅರಳಿಸಿಕೊಂಡು ಎದುರು ಬಂದ.

“ಬಾ ಮಗಾ, ನೋಡು ಬಾ. ಇನ್ನು ಯಾವ ಮಳೆ ಬರ್ತದೋ ಬರ್ಲಿ.”

ಒಳಗೆ ಹೋಗುವ ಮೊದಲೇ ವಾಸನೆ ಬಂತು. ನಮ್ಮ ಕರಾವಳಿಯವರಿಗೆ ಆ ವಾಸನೆ ಗೊತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು, ಮಂದ ಎಣ್ಣೆ. ಮಳೆಗೆ ಮೊದಲು ದೋಣಿಗೆ ಅದನ್ನು ಬಳಿಯುತ್ತಾರೆ. ಗೇರೆಣ್ಣೆ ಕುಡಿದ ಮರಕ್ಕೆ ನೀರು ಇಳಿಯುವುದಿಲ್ಲ, ಹುಳ ಹತ್ತುವುದಿಲ್ಲ. ಚರ್ಮಕ್ಕೆ ತಾಗಿದರೆ ಮಾತ್ರ ಸುಡುತ್ತದೆ. ನಡುಮನೆಯಲ್ಲಿ ಪಿಯಾನೊ ಕಪ್ಪಗೆ ಮಿರಿಮಿರಿ ಮಿಂಚುತ್ತ ನಿಂತಿತ್ತು.

ಹೊರಗೆ ಮಾತ್ರ ಬಳಿದಿದ್ದರೆ ಪಿಯಾನೊ ಬದುಕುತ್ತಿತ್ತೋ ಏನೋ. ಅಜ್ಜ ಅರ್ಧಂಬರ್ಧ ಕೆಲಸ ಮಾಡುವವನಲ್ಲ. ಮುಂದಿನ ಹಲಗೆ ಬಿಚ್ಚಿ, ಮನೆಗಳನ್ನು ಒಂದೊಂದಾಗಿ ಹೊರತೆಗೆದು, ಯಾವುದು ಎಲ್ಲಿಯದೆಂದು ಸುಣ್ಣದ ಗುರುತು ಹಾಕಿ, ಪ್ರತಿಯೊಂದರ ಮರಕ್ಕೂ ಎಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮತ್ತೊಂದು ಕೈ ಬಳಿದು, ಗುರುತು ತಪ್ಪದೆ ತಿರುಗಿ ಕೂರಿಸಿದ್ದ. ತಂತಿಯ ಹಿಂದಿನ ತೆಳು ಹಲಗೆಗೆ, ನಾದವೆಲ್ಲ ಹುಟ್ಟುವ ಆ ಹಲಗೆಗೆ, ದಪ್ಪಗೆ ಬಳಿದಿದ್ದ. ಇನ್ನು ತಂತಿಗೆ ಬಡಿಯುವ ಸಣ್ಣ ಸುತ್ತಿಗೆಗಳು. ಅವುಗಳ ತಲೆಗೆ ಒತ್ತಿದ ಉಣ್ಣೆ ಇರುತ್ತದೆ. ದೋಣಿಯಲ್ಲಿ ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತುರುಕುತ್ತಾರೆ. ಒಣ ಹತ್ತಿ ಬಿಟ್ಟ ದೋಣಿ ಮುಳುಗುತ್ತದೆ. ಪಿಯಾನೊ ಮಾಡಿದವನು ಯಾರೋ ಸೋಮಾರಿ, ಹತ್ತಿಯನ್ನು ಒಣಗಲೇ ಬಿಟ್ಟಿದ್ದಾನೆ ಎಂದುಕೊಂಡ ಅಜ್ಜ, ಒಂದೊಂದು ಉಣ್ಣೆಯ ತಲೆಗೂ ಹೊಟ್ಟೆ ತುಂಬ ಗೇರೆಣ್ಣೆ ಕುಡಿಸಿದ್ದ.

ನಾನು ಕೂತು ನಡುವಿನ ಒಂದು ಮನೆ ಒತ್ತಿದೆ. ಅದು ನಿಧಾನವಾಗಿ ಕೆಸರಲ್ಲಿ ಕಾಲಿಟ್ಟಂತೆ ಇಳಿಯಿತು. ಮೇಲೆ ಬರಲಿಲ್ಲ. ಪಕ್ಕದ್ದು ಇಳಿಯಲೇ ಇಲ್ಲ. ಎಡಬದಿಯಲ್ಲಿ, ಅಜ್ಜನ ದಪ್ಪ ಸ್ವರಗಳಲ್ಲಿ, ಒಂದು ಮಾತ್ರ ಗೋಣಿಚೀಲಕ್ಕೆ ಗುದ್ದಿದಂತೆ ಸದ್ದು ಮಾಡಿತು. ಅಜ್ಜ ಆಗಲೇ ನೆಲದ ಮೇಲೆ ಕೂತು ಅಂಗೈಯನ್ನು ಮರಕ್ಕಿಟ್ಟು ಕಾಯುತ್ತಿದ್ದ.

“ಬಾರ್ಸು ಮಗಾ,” ಎಂದ. “ಎಂತ ಆತು? ಬಾರ್ಸು.”

ನಾನು ಬಾರಿಸಲಿಲ್ಲ. ಅಳಲೂ ಇಲ್ಲ. ಲಂಗದ ತುದಿಯಿಂದ ಮನೆಗಳ ಸಂದಿಯನ್ನು ತಿಕ್ಕತೊಡಗಿದೆ, ಒಂದನ್ನು ಬಿಟ್ಟು ಇನ್ನೊಂದನ್ನು, ಹುಚ್ಚು ಹಿಡಿದವಳಂತೆ. ಒಳಗಿನ ಎಣ್ಣೆ ಇನ್ನೂ ಹಸಿಯಿತ್ತು. ಅಮ್ಮ ಬಂದು ಎಳೆದು ಬಿಡಿಸುವಷ್ಟರಲ್ಲಿ ಬೆರಳುಗಳೆಲ್ಲ ಕಪ್ಪಾಗಿದ್ದವು. ಮರುದಿನ ಹತ್ತೂ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ಅನ್ನ ಕಲಸಲಾಗದೆ ಅಮ್ಮನೇ ತುತ್ತು ಮಾಡಿ ತಿನ್ನಿಸಿದಳು. ತಿನ್ನಿಸುತ್ತಲೇ ಅಜ್ಜನನ್ನು ಬೈದಳು. ಅವಳು ಮಾವನ ಎದುರು ಅಷ್ಟು ದನಿ ಏರಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅದು ಕಿವಿ ಕೇಳದವನಿಗೆ ಕೇಳಲೆಂದು ಕೂಗಿದ ಕೂಗಲ್ಲ.

“ಒಂದು ಮಾತು ಕೇಳೂಕೆ ಆಗ್ಲಿಲ್ವಾ ಮಾವ? ಬಾಯಿನ ಕೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ಎಲ್ಲದೂ ದೋಣಿ, ಎಲ್ಲದೂ ದೋಣಿ! ಅವಳ ಕೈ ನೋಡಿ, ಒಂದ್ಸಲ ಅವಳ ಕೈ ನೋಡಿ!”

ಅಜ್ಜ ನೋಡಿದ. ಊಟದ ಬಟ್ಟಲನ್ನು ದೂರ ಸರಿಸಿ, ತೆಂಗಿನೆಣ್ಣೆಯ ಗಿಂಡಿ ತಂದು, ನನ್ನ ಎದುರು ಕೂತ. ಅವನ ಅಂಗೈ ದೋಣಿಗೆ ಬಳಿದು ಬಳಿದು ಯಾವತ್ತೋ ಕಪ್ಪು ಕಟ್ಟಿಹೋಗಿತ್ತು. ಅದಕ್ಕೆ ಗೇರೆಣ್ಣೆ ಏನೂ ಮಾಡುತ್ತಿರಲಿಲ್ಲ. ಆ ಕೈಯಿಂದ ನನ್ನ ಒಂದೊಂದೇ ಬೆರಳು ಹಿಡಿದು ಎಣ್ಣೆ ಸವರಿದ. ನೋವಾಗದಂತೆ ಕಿರುಬೆರಳ ತುದಿಯೊಂದನ್ನೇ ತಾಗಿಸುತ್ತಿದ್ದ. ನನಗೆ ಪಿಯಾನೊಕ್ಕಿಂತ ಆ ಕಿರುಬೆರಳನ್ನು ನೋಡಿ ಅಳು ಬಂತು. ನಾನು ಅತ್ತದ್ದು ಉರಿಗೆ ಎಂದುಕೊಂಡು ಅವನು ಬೆರಳಿಗೆ ಊದಿದ.

ಸುದ್ದಿ ಕೇಳಿ ಬಾಯಿ ಮಳೆಯಲ್ಲೇ ಹೊಳೆ ದಾಟಿ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪಿಯಾನೊದ ಒಳಗೆ ನೋಡಿ, ಒಂದು ಸುತ್ತಿಗೆಯನ್ನು ಉಗುರಿನಿಂದ ತಟ್ಟಿ, ನನ್ನ ಬೆರಳು ನೋಡಿ, ಸ್ಟೂಲಿನ ಮೇಲೆ ಕೂತುಬಿಟ್ಟರು. ಅದು ಅವರ ತಾಯಿಯ ಕಾಲದಿಂದ ಬಂದ ಪಿಯಾನೊ ಎಂದು ನನಗೆ ಅಮ್ಮ ಆಮೇಲೆ ಹೇಳಿದಳು.

“ಬಿಚ್ಚಿ ತೊಳೀಬಹುದಾ ಬಾಯಿ?” ಬಾಗಿಲಲ್ಲಿ ನಿಂತ ಅಜ್ಜ ಕೇಳಿದ. “ನಾನು ತೊಳೀತೆ. ಎಷ್ಟು ದಿನ ಆದ್ರೂ ತೊಳೀತೆ.”

ಬಾಯಿ ಎದ್ದು ಅವನ ಕಿವಿಯ ಹತ್ತಿರ ಹೋಗಿ, ಕೂಗದೆ, ನಿಧಾನವಾಗಿ ಹೇಳಿದರು.

“ಮರ ಎಣ್ಣೆ ಕುಡೀತು ಮೇಸ್ತ್ರಿ. ಇನ್ನು ತೆಗೀಲಿಕ್ಕೆ ಬರುದಿಲ್ಲ.”

ಮರದ ವಿಷಯದಲ್ಲಿ ಅಜ್ಜನಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಅವನು ತಲೆಯಾಡಿಸಿ ಚಪ್ಪರಕ್ಕೆ ಹೋದ.

ಅಂದಿನಿಂದ ನಮ್ಮ ಮನೆಯ ಗದ್ದಲ ನಿಂತಿತು. ಅಮ್ಮನಿಗೆ ತಾನು ಆಡಿದ ಮಾತಿಗೆ ಸಂಕಟ. ಬಂಗಡೆ ತಂದ ದಿನ ನಡುತುಂಡುಗಳನ್ನೆಲ್ಲ ಅಜ್ಜನ ಬಟ್ಟಲಿಗೇ ಹಾಕುವಳು. ಅಜ್ಜ ಅದನ್ನು ನನ್ನ ಬಟ್ಟಲಿಗೆ ದಾಟಿಸುವನು. ನಡುಮನೆಯಲ್ಲಿ ಊಟ ಮಾಡುತ್ತಿದ್ದವನು ಈಗ ಜಗಲಿಯಲ್ಲೇ ಉಣ್ಣತೊಡಗಿದ. ನನ್ನ ಬೆರಳಿನ ಚರ್ಮ ಸುಲಿದು ಹೊಸ ಚರ್ಮ ಬಂತು, ಮಗುವಿನದರಂತೆ ಕೆಂಪಗೆ, ನುಣ್ಣಗೆ. ಒಂದು ಅಕ್ಕಿಕಾಳು ತಾಗಿದರೂ ತಿಳಿಯುತ್ತಿತ್ತು. ಚೌತಿ ಮುಗಿದು ಗಣಪತಿ ನೀರಿಗೆ ಹೋದ ಮೇಲೆ, ಬಾಯಿಯ ಜೊತೆ ನನ್ನನ್ನು ಮುಂಬೈಗೆ ಕಳಿಸುವುದೆಂದು ಅಮ್ಮ ತೀರ್ಮಾನಿಸಿದಳು. ನನಗೆ ಹೋಗಬೇಕೆಂಬ ಆಸೆಯೂ ಇತ್ತು; ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಸೆಗೆ ಇಷ್ಟು ದೊಡ್ಡ ಬೆಲೆ ಇರುತ್ತದೆಂದು ಆ ವಯಸ್ಸಿಗೆ ಯಾರಿಗೆ ಗೊತ್ತಿರುತ್ತದೆ?

ಹೊರಡುವ ಬೆಳಿಗ್ಗೆ ಅಮ್ಮ ಅವಲಕ್ಕಿ ಕಲಸಿ ಕೊಟ್ಟಳು, ದೇವರ ಮುಂದೆ ದೀಪ ಹಚ್ಚಿದಳು. ಅಜ್ಜನ ಕಾಲಿಗೆ ಬಿದ್ದೆ. ಅವನೇ ನನ್ನ ಟ್ರಂಕು ಹೊತ್ತು ದಡದವರೆಗೆ ಬಂದ. ಹೊಳೆ ತುಂಬಿ ಕೆಂಪಾಗಿತ್ತು. ದೋಣಿ ಬರುವವರೆಗೆ ನಾವಿಬ್ಬರೂ ನಿಂತೆವು. ಅಜ್ಜ ನನ್ನ ಮುಖ ನೋಡದೆ ನೀರು ನೋಡಿಕೊಂಡು ಹೇಳಿದ:

“ದೋಣಿಯಾಗಿದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರ್ತಿತ್ತು ಮಗಾ.”

ನಾನು ಅವನ ಅಂಗೈಯನ್ನು ಹಿಡಿದುಕೊಂಡೆ. ದೋಣಿ ಬಂತು. ನಾನು ಹತ್ತಿದೆ. ಆಮೇಲೆ ನಾನು ಅವನನ್ನು ನೋಡಲಿಲ್ಲ. ಮುಂದಿನ ಮಳೆಗಾಲದಲ್ಲಿ, ಕಟ್ಟುತ್ತಿದ್ದ ದೋಣಿಯ ಪಕ್ಕದಲ್ಲೇ ಕುಸಿದು ಅಜ್ಜ ತೀರಿಕೊಂಡ. ಮಳೆಗೆ ದಾರಿ ಕೆಟ್ಟು, ಸುದ್ದಿ ನನ್ನನ್ನು ಮುಟ್ಟುವಾಗ ಎಲ್ಲ ಕಾರ್ಯ ಮುಗಿದಿತ್ತು. ಬಾಯಿಯ ತಂಗಿಯ ಮನೆಯಲ್ಲಿ ಆ ದಿನವೆಲ್ಲ ನಾನು ಎಡಗೈಯೊಂದನ್ನೇ ನುಡಿಸಿದೆನಂತೆ.

ಮುಂದಿನದನ್ನೆಲ್ಲ ಆ ಪುಸ್ತಿಕೆಗಳೇ ಹೇಳುತ್ತವೆ: ಮುಂಬೈಯ ಪಾಠ, ವಿದ್ಯಾರ್ಥಿವೇತನ, ಅಮೆರಿಕ, ಊರೂರು ಕಛೇರಿ. ನನ್ನ ಎಡಗೈಯ ಗಾಂಭೀರ್ಯವನ್ನು ಹೊಗಳಿ ಬರೆದವರಿದ್ದಾರೆ, ಬೆರಳಿನ ಸ್ಪರ್ಶ ಎಲ್ಲಿ ಕಲಿತದ್ದೆಂದು ಕೇಳಿದವರಿದ್ದಾರೆ. ಬಾಯಿಯ ಹೆಸರು ಹೇಳಿ ಮುಗಿಸಿದ್ದೇನೆ. ಅಮ್ಮ ನಿವೃತ್ತಳಾದ ಮೇಲೆ ಹೊಳನಗದ್ದೆಯಲ್ಲಿ ತಮ್ಮನ ಮಕ್ಕಳ ನಡುವೆ ಸುಖವಾಗಿದ್ದು ಅಲ್ಲೇ ತೀರಿಕೊಂಡಳು. ಕಾಸರಕೋಡಿನ ಮನೆಯಲ್ಲಿ ಈಗ ಅಪ್ಪನ ಸೋದರತ್ತೆಯ ಮೊಮ್ಮಗ ಗಣಪತಿ ಬಲೆ, ಎಂಜಿನ್ನು, ಮೀನಿನ ಪೆಟ್ಟಿಗೆ ಇಟ್ಟುಕೊಳ್ಳುತ್ತಾನೆ. ಹೋದ ವರ್ಷ ಅವನು ಫೋನು ಮಾಡಿದ. ಮನೆ ಬೀಳಿಸಿ ಹೊಸದು ಕಟ್ಟುತ್ತಾನಂತೆ, ಒಮ್ಮೆ ಬಂದು ನೋಡಿ ಹೋಗಬೇಕಂತೆ. ಹೋದೆ. ಈಗ ಸೇತುವೆಯ ಮೇಲೆ ಕಾರು ಹೊಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ.

ಅಜ್ಜ ಕಿತ್ತು ಮತ್ತೆ ಕೂರಿಸಿದ ಬಾಗಿಲವಾಡ ಗಣಪತಿಯ ಕೈ ತಾಗಿದರೆ ಪುಡಿ ಉದುರಿಸುತ್ತಿತ್ತು. ಮಾಡಿನ ಪಕಾಸುಗಳು ಟೊಳ್ಳಾಗಿದ್ದವು, ಅಡುಗೆಮನೆಯ ಮಾಡು ಅರ್ಧ ಕುಸಿದಿತ್ತು. ನಡುಮನೆಯಲ್ಲಿ ಗಣಪತಿ ಒಂದು ರಾಶಿ ಬಲೆಯನ್ನು ಪಕ್ಕಕ್ಕೆ ಎಳೆದ. ಹಿಂದೆ ಪಿಯಾನೊ ನಿಂತಿತ್ತು.

“ಮನೆ ಮರ ಎಲ್ಲ ಒರಲೆ ತಿಂದು ಹೋತು ಅಕ್ಕ,” ಎಂದ ಅವನು. “ಇದೊಂದನ್ನ ಮಾತ್ರ ಮುಟ್ಲಿಲ್ಲ ನೋಡು. ಎಂತ ಬಳಿದಿದ್ನೋ ಅಜ್ಜ.”

ಮುಚ್ಚಳ ತೆಗೆದೆ. ಒಳಗೆ ಸುಣ್ಣದ ಗುರುತುಗಳು ಮಾಸಿದ್ದರೂ ಅಲ್ಲಲ್ಲಿ ಕಾಣುತ್ತಿದ್ದವು. ಮರ ಎಲ್ಲೂ ಬಿರಿದಿರಲಿಲ್ಲ, ಎಲ್ಲೂ ಊದಿರಲಿಲ್ಲ, ಒರಲೆ ತಿಂದಿದ್ದ ಆ ಹಳೆಯ ಮೂಲೆ ಬಿಟ್ಟರೆ ಹುಳ ಕೊರೆದ ಒಂದು ತೂತೂ ಇರಲಿಲ್ಲ. ಎಡಬದಿಯ ಮನೆಯೊಂದನ್ನು ಒತ್ತಿದೆ, ಇಳಿಯಲಿಲ್ಲ. ಮಂಡಿನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು ಅಂಗೈಯನ್ನು ಮರಕ್ಕೆ ಒತ್ತಿಟ್ಟೆ. ಪೆಟ್ಟಿಗೆ ಉಳಿದರೆ ಹುಡುಗಿ ಇಲ್ಲೇ ಇರುತ್ತದಲ್ಲ ಎಂದು ಅಜ್ಜ ಕೇಳಿದ್ದ.

ಪೆಟ್ಟಿಗೆ ಉಳಿದಿತ್ತು.